ಹೆಂಡತಿಯ ಪರವಾಗಿ

ಆ ಹೊತ್ತಿಗೆ ಮನಃಶಾಸ್ತ್ರಜ್ಞೆಯ ಕೋಣೆಗೆ ಬರಬೇಕಾಗಿದ್ದವಳು ಒಬ್ಬ ನರ್ಸು. ಬಾಗಿಲು ತಳ್ಳಿಕೊಂಡು ಒಳಗೆ ಬಂದದ್ದು ಒಬ್ಬ ಗಂಡಸು. ಅವನ ಕಿವಿಯ ಹಿಂದೆ ಹಿಟ್ಟು ಮೆತ್ತಿಕೊಂಡಿತ್ತು.

"ನನ್ನ ಹೆಂಡ್ತಿ ಹೆಸರಲ್ಲಿ ಬರೆಸಿದ್ದು ಮೇಡಂ. ಆಸ್ಪತ್ರೇಲಿ ರಜಾ ಸಿಗ್ಲಿಲ್ಲ. ಅವಳ ಬದಲು ನಾನು ಬಂದೆ," ಎಂದು ಅವನು ಕುರ್ಚಿಯ ತುದಿಯಲ್ಲಿ ಕುಳಿತ.

ಮನಃಶಾಸ್ತ್ರಜ್ಞೆಗೆ ನಗು ಬಂತು, ತಡೆದುಕೊಂಡಳು. ಒಬ್ಬರ ಹಲ್ಲುನೋವಿಗೆ ಇನ್ನೊಬ್ಬರು ಬಾಯಿ ತೆರೆದು ಕೂತ ಹಾಗಿತ್ತು. ವಾಪಸು ಕಳಿಸಬೇಕಿತ್ತು, ಕುತೂಹಲ ಬಿಡಲಿಲ್ಲ.

"ಅವರ ಕಷ್ಟ ನೀವು ಹೇಗೆ ಹೇಳ್ತೀರಿ?"

"ಬೆಳಿಗ್ಗೆ ಎಲ್ಲಾ ಹೇಳಿ ಕಳಿಸಿದಾಳೆ." ಅವನು ಪಾಠ ಒಪ್ಪಿಸುವವನಂತೆ ಶುರು ಮಾಡಿದ. ಮಲಗಿದರೆ ಅವಳಿಗೆ ನಿದ್ದೆ ಹತ್ತುವುದಿಲ್ಲ. ರೋಗಿಗೆ ಔಷಧಿ ಕೊಟ್ಟು ಬಂದ ಮೇಲೂ ಸರಿಯಾದದ್ದೇ ಕೊಟ್ಟೆನೋ ಇಲ್ಲವೋ ಎಂದು ಎದೆ ಡವಡವ ಎನ್ನುತ್ತದೆ. ತಿರುಗಿ ಹೋಗಿ ಶೀಶೆ ನೋಡುತ್ತಾಳೆ, ಮತ್ತೆ ಹೋಗಿ ನೋಡುತ್ತಾಳೆ. ಮೊನ್ನೆ ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಅತ್ತಿದ್ದಾಳೆ. ಈ ಮಾತಿಗೆ ಬರುವಷ್ಟರಲ್ಲಿ ಅವನ ಪಾಠ ತಪ್ಪಿತು.

"ಅತ್ತಿದ್ದು ನಿಮಗೆ ಮೊದಲೇ ಗೊತ್ತಿತ್ತಾ?"

"ಎಲ್ಲಿ ಗೊತ್ತಾಗ್ಬೇಕು? ನನ್ನದು ಬೇಕರಿ, ರಾತ್ರಿ ಪಾಳಿ. ನಾನು ಮನೆಗೆ ಬರೋ ಹೊತ್ತಿಗೆ ಅವಳು ಚಪ್ಪಲಿ ಮೆಟ್ತಿರ್ತಾಳೆ, ಅವಳು ಬರೋ ಹೊತ್ತಿಗೆ ನಾನು ಹೊರಟಿರ್ತೀನಿ. ಬೀಗದಕೈ ಎಲ್ಲಿ, ನಲ್ಲಿ ರಿಪೇರಿಯವನು ಬಂದಿದ್ನಾ, ಅಷ್ಟೇ ಮಾತು." ಅವನು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕುಳಿತ. "ನಿಮಗೆ ಹೇಳ್ಬೇಕಿತ್ತಲ್ಲ ಮೇಡಂ, ಅದಕ್ಕೆ ನನಗೆ ಹೇಳಿದ್ಲು."

ಮನಃಶಾಸ್ತ್ರಜ್ಞೆ ಪೆನ್ನು ಕೆಳಗಿಟ್ಟಳು.

"ಹೇಳುವಾಗ ಹೇಗಿದ್ರು?"

"ಮೊದಲು ಬಾಗಿಲಲ್ಲಿ ನಿಂತೇ ಗಡಿಬಿಡೀಲಿ ಹೇಳಿದ್ಲು. ಆಮೇಲೆ ಒಳಗೆ ಬಂದು ಕೂತುಬಿಟ್ಲು. ಡ್ಯೂಟಿಗೆ ತಡ ಆಯ್ತು. ಅವಳು ತಡ ಮಾಡಿದ್ದು ನಾನು ಇದೇ ಮೊದಲು ನೋಡಿದ್ದು."

"ಮತ್ತೆ ನೀವು ಹೇಗಿದೀರಿ?"

"ನನಗೇನು ಮೇಡಂ, ಗುಂಡುಕಲ್ಲು ಇದ್ದ ಹಾಗಿದೀನಿ." ಅವನು ಕೈಗಳನ್ನು ಜೇಬಿಗೆ ತುರುಕಿಕೊಂಡು ಎದ್ದ. "ಅವಳಿಗೆ ಏನಂತ ಹೇಳ್ಲಿ?"

"ಆ ಭಯಕ್ಕೆ ದಾರಿ ಇದೆ ಅಂತ ಹೇಳಿ. ಆದರೆ ಅದನ್ನ ಅವರ ಜೊತೆ ಕೂತೇ ಮಾಡ್ಬೇಕು. ಮುಂದಿನ ವಾರ ಅವರನ್ನೇ ಕಳಿಸಿ."

ಮುಂದಿನ ವಾರ ನರ್ಸು ಬಂದಳು. ಸಮವಸ್ತ್ರದಲ್ಲೇ ಇದ್ದಳು, ಓಡಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು. ಮನಃಶಾಸ್ತ್ರಜ್ಞೆ ನೀರು ಕೊಟ್ಟು, ಅವಳು ಸುಧಾರಿಸಿಕೊಳ್ಳುವವರೆಗೆ ಕಾದಳು.

"ಈಗ ಹೇಳಿ. ನಿದ್ದೆ ಹೇಗಿದೆ?"

"ನನ್ನದು ಆಮೇಲೆ ಮೇಡಂ. ಮೊದಲು ಅವರದು ಹೇಳಿಬಿಡ್ತೀನಿ." ನರ್ಸು ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬೇಕರಿ ಒಲೆ ಮುಂದೆ ನಿಂತ್ರೆ ಅವರ ಕೈ ನಡುಗುತ್ತಂತೆ. ಎಷ್ಟು ದಿನದಿಂದಲೋ. ಮೇಡಂ ಕೇಳ್ತಿದಾರೆ ಅಂತ ಸುಳ್ಳು ಹೇಳಿ ಬಾಯಿ ಬಿಡಿಸಿದೀನಿ."