ನೀರು ಕುಡಿದ ಕಾರು

“ನೀರೂ ಕದ್ದು ಮಾರ್ತೀಯೇನಲೇ?” ಹಿಂದಿನ ಸೀಟಿನಿಂದಲೇ ಕೇಳಿದರು ಮರಿಬಸಪ್ಪನವರು.

ಡ್ರೈವರ್ ಗಾದೆಪ್ಪ ಬಳ್ಳಾರಿಯ ಗ್ಯಾರೇಜಿನ ಮುಂದೆ ಬಾನೆಟ್ಟು ಎತ್ತಿ ರೇಡಿಯೇಟರಿಗೆ ನೀರು ಹುಯ್ಯುತ್ತಿದ್ದ. ಸಿರುಗುಪ್ಪ ಬಿಟ್ಟ ಮೇಲೆ ಇದು ಮೂರನೆಯ ಸಲ. ಅಂಬಾಸಿಡರ್ ಕೆಳಗೆ ಒಂದು ಹನಿಯೂ ಸೋರಿರಲಿಲ್ಲ. ಹಿಂದಿನ ಕೊಳವೆಯಿಂದ ಮಾತ್ರ ಬೆಳ್ಳನೆಯ ಹೊಗೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ.

ಮರಿಬಸಪ್ಪನವರ ಲೆಕ್ಕದಲ್ಲಿ ಲೋಕದ ಜನ ಎರಡೇ ಬಗೆ: ತಮ್ಮನ್ನು ಕಂಡು ಎದ್ದು ನಿಲ್ಲುವವರು, ಎದ್ದು ನಿಲ್ಲಬೇಕಾದವರು. ದೀಪಾವಳಿಯಲ್ಲಿ ಹನ್ನೊಂದು ಮಂದಿಯ ಗಿರಣಿ ಮಾಲೀಕರ ಸಂಘಕ್ಕೆ ಅಧ್ಯಕ್ಷರಾದರು. ಮೂರಡಿಯ ಕೆಂಪು ತಗಡಿನ ಬೋರ್ಡು ಬರೆಸಿ ಕಾರಿನ ಮುಂದೆ ಬಿಗಿಸಿದರು. ಅಂದಿನಿಂದ ಕುರುಗೋಡಿನ ಚಹಾದಂಗಡಿಯವರೂ ದೂರದಿಂದಲೇ ಕಂಡು ಎದ್ದು ನಿಲ್ಲುತ್ತಿದ್ದರು. ಎದ್ದು ನಿಂತೂ ಗೌರವ ಕಲಿಯದವನು ಗಾದೆಪ್ಪನೊಬ್ಬನೇ.

ಮೆಕ್ಯಾನಿಕ್ ಹೊನ್ನೂರಪ್ಪ ಪ್ಲಗ್ಗುಗಳನ್ನು ಬಿಚ್ಚಿದ. ಎರಡು ಒದ್ದೆಯಾಗಿದ್ದವು. ಆಯಿಲ್ ಕಡ್ಡಿ ಎಳೆದ; ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು.

“ಹೆಡ್ ಗ್ಯಾಸ್ಕೆಟ್ ಸುಟ್ಟೈತ್ರಿ. ನೀರು ಎಂಜಿನ್ ಒಳಗ ಇಳಿದು ಹೊಗಿ ಆಗಾಕತ್ತೈತಿ.”

“ಹೋದ ತಿಂಗಳಷ್ಟೇ ಹೊಸಾದು ಹಾಕಿಸೀನಲ್ಲೋ!”

“ಸುಟ್ಟಿದ್ದು ಅದ ಹೊಸಾದ್ರಿ. ಎಂಜಿನ್ ಅತೀ ಕಾಯತೈತಿ. ಯಾಕಂತ ನೋಡಬೇಕು.”

“ನೋಡೋದೇನೈತಿ? ಇವನ ಕೈ ನೋಡು. ಬಂಡಿ ಹೊಡಿಯೋ ಕೈಯಾಗ ಸ್ಟೇರಿಂಗ್ ಕೊಟ್ಟೀನಿ, ತಪ್ಪು ನಂದು.”

“ದೀಪಾವಳಿ ತನಕ ಗಾಡಿ ಚಲೋ ಇತ್ರಿ, ಧಣಿ,” ಎಂದ ಗಾದೆಪ್ಪ ಮೆಲ್ಲಗೆ.

“ಆವಾಗ ನೀನೂ ಚಲೋ ಇದ್ದಿ. ಹೊನ್ನೂರಪ್ಪ, ಇವನ ತಪ್ಪು ಹುಡುಕಿ ಕೊಡು. ಅವತ್ತ ಇವನ್ನ ಹೊರಗ ಹಾಕ್ತೀನಿ.”

ಹದಿನಾಲ್ಕು ವರ್ಷದ ಕೆಲಸ, ಗಿರಣಿ ಹಿಂದಿನ ಎರಡು ಕೋಣೆಯ ಮನೆ, ಎರಡೂ ಕೈಬಿಡುವ ಹಾಗಿತ್ತು. ಗಾದೆಪ್ಪ ಎಂಜಿನ್ನನ್ನೇ ನೋಡುತ್ತ ನಿಂತ.

ಮೂರನೆಯ ದಿನ ಮರಿಬಸಪ್ಪನವರು ಬಂದಾಗ, ಕಾರು ರಸ್ತೆಗೆ ಬೆನ್ನು ಮಾಡಿ ನಿಂತಿತ್ತು.

“ಕಾರಣ ಸಿಕ್ತ್ರಿ,” ಎಂದ ಹೊನ್ನೂರಪ್ಪ, ಕೈ ಒರೆಸಿಕೊಳ್ಳುತ್ತ. “ರೇಡಿಯೇಟರಿಗೆ ಗಾಳಿ ಬೀಳದಂಗ ಒಂದು ಅಡ್ಡ ಕುಂತಿತ್ತು. ಗಾಳಿ ಇಲ್ಲಂದ್ರ ಎಂಜಿನ್ ಕಾಯತೈತಿ, ಗ್ಯಾಸ್ಕೆಟ್ ಸುಡತೈತಿ. ಅದನ್ನ ಕಿತ್ತು ಗೋಣಿತಟ್ಟಿನಾಗ ಸುತ್ತಿ ಡಿಕ್ಕಿಯಾಗ ಇಟ್ಟೀನಿ.”

“ಅಡ್ಡ ಇಟ್ಟಾಂವ ಯಾರು?”

“ಬಿಚ್ಚಿದ್ರ ತಿಳಿತೈತ್ರಿ. ಮನಿಯೊಳಗ ಬಿಚ್ಚಿಕೊಳ್ರಿ.”

“ಮನಿಯೊಳಗ್ಯಾಕ? ಗಿರಣಿ ಮುಂದ, ನಾಕು ಮಂದಿ ಮುಂದ ಬಿಚ್ಚಸ್ತೀನಿ.”

“ನಿಮ್ಮಿಷ್ಟ, ಧಣಿ.”

ದಾರಿಯುದ್ದಕ್ಕೂ ಕಾರು ಒಂದು ಲೋಟ ನೀರೂ ಕೇಳಲಿಲ್ಲ. ಗಾದೆಪ್ಪ ತುಟಿ ಬಿಚ್ಚಲಿಲ್ಲ. ಕಳ್ಳನ ಮೌನ, ಎಂದುಕೊಂಡರು ಮರಿಬಸಪ್ಪನವರು. ಬೀಗರನ್ನು ಕಾಣಲು ಕುರುಗೋಡಿಗೆ ತಿರುಗಿದಾಗ ಚಹಾದಂಗಡಿಯ ಮುಂದೆ ಒಬ್ಬನೂ ಏಳಲಿಲ್ಲ. ಒಬ್ಬನಂತೂ ಕಾಲು ಚಾಚಿ ಬೀಡಿ ಹಚ್ಚಿದ. ಈ ಊರಿಗೂ ಸೊಕ್ಕು ಬಂತು!

ಸಿರುಗುಪ್ಪದಲ್ಲಿ ಗಿರಣಿಯ ಹಮಾಲರೆಲ್ಲ ಕಾರಿನ ಮುಂದೆ ಸೇರಿದರು. ಅದರ ಮೂತಿ ನೋಡಿ ಕೆಲವರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು. ಭಯ ಇರಬೇಕಾದ್ದೇ.

“ಡಿಕ್ಕಿ ಕೀಲಿ ಕೊಡೋ.”

ಗಾದೆಪ್ಪ ಕೀಲಿ ಕೊಟ್ಟ. ಮರಿಬಸಪ್ಪನವರು ಗುಮಾಸ್ತ ಮಲ್ಲಯ್ಯನ ಕೈಗೆ ಗೋಣಿತಟ್ಟಿನ ಕಟ್ಟು ಹಿಡಿಸಿದರು.

“ಬಿಚ್ಚು. ನನ್ನ ಎಂಜಿನ್ ಸುಟ್ಟಿದ್ದು ಇದ. ಏನೈತೋ ಎಲ್ಲಾರಿಗೂ ಕೇಳಂಗ ಹೇಳು.”

ಮಲ್ಲಯ್ಯ ಹುರಿ ಬಿಚ್ಚಿ, ತಟ್ಟು ಸರಿಸಿ, ಕೆಂಪು ತಗಡಿನ ಮೇಲಿನ ಬಿಳಿ ಅಕ್ಷರಗಳನ್ನು ಅಪ್ಪಣೆಯಂತೆಯೇ ಗಟ್ಟಿಯಾಗಿ ಓದಿದ: “ಶ್ರೀ ಮರಿಬಸಪ್ಪನವರು, ಅಧ್ಯಕ್ಷರು.”