ಎಡದ ತೋಳು

ಮೈದುನ ಚಪ್ಪಲಿ ಬಿಟ್ಟವನೇ ನೆಟ್ಟಗೆ ಹೊಲಿಗೆಕೋಣೆಗೆ ನುಗ್ಗಿ, ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿ, ಅತ್ತಿಗೆಯ ಕುರ್ಚಿಯಲ್ಲಿ ತಳವೂರಿದ. ಪರದೆ ಬೆಳಗಿತು, ಅವನ ಮುಖ ಮಾತ್ರ ಬೆಳಗಲಿಲ್ಲ. ಅಲ್ಲಿ ಎರಡು ದುಂಡು ಗುರುತುಗಳಿದ್ದವು. ಒಂದರ ಕೆಳಗೆ ‘ದರ್ಜಿ’ ಎಂದಿತ್ತು, ಇನ್ನೊಂದರ ಕೆಳಗೆ ‘ಮನೆಗೆ ಬಂದವರು’.

“ಅತ್ತಿಗೆ, ಇದೇನಿದು? ‘ದರ್ಜಿ’ ಒತ್ತಿದ್ರೆ ಪಾಸ್‌ವರ್ಡ್ ಕೇಳ್ತಿದೆಯಲ್ಲ!”

“ಕೇಳಲಿ ಅಂತಾನೇ ಇಟ್ಟಿರೋದು,” ಎಂದಳು ಅತ್ತಿಗೆ. ಬಟ್ಟೆಯ ಮೇಲೆ ಹರಿಯುತ್ತಿದ್ದ ಕತ್ತರಿ ನಿಲ್ಲಲಿಲ್ಲ.

ಆ ಬಂಧುಬಳಗಕ್ಕೆಲ್ಲ ಕಂಪ್ಯೂಟರ್ ವೈದ್ಯನೆಂದರೆ ಅವನೇ. ಯಾರ ಮನೆಗೆ ಹೋದರೂ ಕುಡಿಯಲು ನೀರು ಕೇಳುವ ಮೊದಲು ಕಂಪ್ಯೂಟರ್ ಎಲ್ಲಿದೆ ಎಂದು ಕೇಳುವವನು. ಅವನ ಪೆನ್‌ಡ್ರೈವಿನೊಳಗೆ ಪುಕ್ಕಟೆ ಸಾಫ್ಟ್‌ವೇರುಗಳ ಸಂತೆಯೇ ನೆರೆದಿತ್ತು: ಕಸ ಗುಡಿಸುವಂಥದ್ದು, ವೇಗ ಹೆಚ್ಚಿಸುವಂಥದ್ದು, ಒಂದೇ ತೆರನಾಗಿ ಕಾಣುವ ಚಿತ್ರಗಳನ್ನು ಹುಡುಕಿ ಹೆಚ್ಚಿನದನ್ನು ಅಳಿಸುವಂಥದ್ದು. ಹೋದ ಸಲ ಈ ಕೊನೆಯದನ್ನು ಓಡಿಸಿ, ಅಳಿಸಿದ್ದು ಬಿದ್ದಿರುವ ಬುಟ್ಟಿಯನ್ನೂ ಬರಿದು ಮಾಡಿ, “ಎಷ್ಟು ಜಾಗ ಆಯ್ತು ನೋಡಿ!” ಎಂದು ಬೀಗುತ್ತ ಹೊರಟುಹೋಗಿದ್ದ.

ಆ ಜಾಗದಲ್ಲಿ ಮೊದಲು ಏನಿತ್ತೆಂಬುದು ಆಗ ಅವಳಿಗೆ ಮಾತ್ರ ಗೊತ್ತಿತ್ತು. ಅವಳು ಹೊಲಿಯುತ್ತಿದ್ದುದು ಅಂಗಡಿಯ ಸಿದ್ಧ ಉಡುಪು ಒಗ್ಗದ ಮೈಗಳಿಗೆ. ಭುಜ ಇಳಿದವರಿಗೆ, ಬೆನ್ನು ಬಾಗಿದವರಿಗೆ. ಕಾಗದದ ಮಾದರಿ ಬೇಗ ಹರಿಯುತ್ತದೆಂದು ಒಬ್ಬೊಬ್ಬರದನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟಿದ್ದಳು. ಅವರಲ್ಲೊಬ್ಬರು ಗಡಿಯಾರ ರಿಪೇರಿಯ ಹಿರಿಯರು. ಅವರ ಎಡಗೈ ಹುಟ್ಟಿನಿಂದಲೇ ಚಿಕ್ಕದು. “ಅಳತೆ ಒಂದೇ ಸಲ ಕೊಡೋದು ತಾಯಿ, ಮತ್ತೆ ಕೇಳಬೇಡಿ,” ಎಂದು ಗೋಡೆಗೆ ಮುಖ ಮಾಡಿ ನಿಂತು ಅಳತೆ ಕೊಟ್ಟಿದ್ದರು. ಸಾಫ್ಟ್‌ವೇರಿನ ಕಣ್ಣಿಗೆ ಅವರ ಎರಡು ತೋಳುಗಳ ಮಾದರಿಗಳೂ ಒಂದೇ ಆಗಿ ಕಂಡವು, ಎಡದ್ದು ಅಳಿದುಹೋಯಿತು. ಮತ್ತೆ ಕರೆಸದೆ ವಿಧಿಯಿರಲಿಲ್ಲ. ಹಿರಿಯರು ಬಂದರು; ಗೋಡೆಯ ಕಡೆಗೆ ತಿರುಗಿ ನಿಂತರು. ಆ ಬೆನ್ನನ್ನು ಇನ್ನೊಮ್ಮೆ ನೋಡುವ ಶಕ್ತಿ ಅವಳಿಗಿರಲಿಲ್ಲ.

ಬಾಗಿಲ ಬಳಿ ಕುಳಿತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅತ್ತೆ ಮಗನ ಪಕ್ಷ ಹಿಡಿದರು. “ಪಾಪ, ಅಷ್ಟು ದೂರದಿಂದ ಬಂದಿದಾನೆ. ಅದೇನೋ ಗುಟ್ಟಿನ ಪದವಂತೆ, ಹೇಳಬಾರದೇನೇ? ಒಡಹುಟ್ಟಿದವನ ಹಾಗಲ್ವಾ?”

“ಒಡಹುಟ್ಟಿದವನೇ ಆಗಿದ್ರೂ ಹೇಳ್ತಿರಲಿಲ್ಲ, ಅತ್ತೆ.”

“ನಿಮ್ಮ ಒಳ್ಳೇದಕ್ಕೇ ಅಲ್ವಾ ನಾನು ಹೇಳೋದು?” ಎಂದ ಮೈದುನ. “ಇದು ಆಗಲೇ ಆಮೆ ಥರ ತೆವಳ್ತಿದೆ. ಗುಡಿಸದೆ ಬಿಟ್ರೆ ಒಂದಿನ ಗಪ್ಪಂತ ನಿಂತುಹೋಗುತ್ತೆ. ಆಮೇಲೆ ನನ್ನ ಮುಂದೆ ಅಳಬೇಡಿ.”

“ನಿಂತ್ರೆ ನಿಲ್ಲಲಿ. ಎಲ್ಲದರ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿದೆ, ಗುಂಡಿ ಡಬ್ಬಿಯೊಳಗೆ. ವಾರವಾರ ನಾನೇ ತುಂಬ್ತೀನಿ.”

“ಅಬ್ಬಬ್ಬಾ! ಇದನ್ನೆಲ್ಲ ಯಾವ ಮಹಾತ್ಮ ಹೇಳಿಕೊಟ್ಟ?”

“ಬಾಗಿಲು ಹಾಕಿ ಕೀಲಿ ಇಟ್ಟುಕೊಳ್ಳೋದನ್ನ ನಿನ್ನ ಮನೆಯಲ್ಲೇ ನೋಡಿದ್ದು. ನಿನ್ನ ಕಂಪ್ಯೂಟರಿನಲ್ಲಿ ನಿನ್ನದೊಂದೇ ಹೆಸರು. ‘ಅಕ್ಕಾ, ಇದರಲ್ಲಿ ನನಗೆ ಕಾಲಿಡೋಕೂ ಜಾಗ ಇಲ್ಲ’ ಅಂತ ನಿನ್ನ ಹೆಂಡತಿ ತೋರಿಸಿದಳು. ನಾನು ನಿನ್ನಷ್ಟು ಜಿಪುಣಿ ಅಲ್ಲಪ್ಪ, ಬಂದವರಿಗೂ ಒಂದು ಬಾಗಿಲು ಇಟ್ಟಿದೀನಿ.”

ಅತ್ತೆಗೆ ಕೆಮ್ಮು ಬಂತು. ನಗುವನ್ನು ನುಂಗಲು ಹೋದಾಗ ಬರುವ ಕೆಮ್ಮು.

ಮೈದುನನ ಕಿವಿ ಕೆಂಪಾಯಿತು. “ಹೋದ ಸಲ ಅಂಥದ್ದೇನು ಕಳೆದುಬಿಟ್ಟೆ ನಾನು? ನೀವು ಆಮೇಲೆ ಹೇಳಿದ ಆ ತೋಳಿನ ಚಿತ್ರ ತಾನೇ? ಎರಡು ತೋಳೂ ಒಂದೇ ಥರ ಇದ್ವು. ಒಂದನ್ನ ಉಳಿಸಿದ್ನಲ್ಲ? ಅದನ್ನೇ ಮಗುಚಿ ಹಾಕಿದ್ರೆ ಇನ್ನೊಂದು ತೋಳು!”

ಈಗ ಕತ್ತರಿ ನಿಂತಿತು. ಅವಳು ಎದ್ದು, ಗೂಟಕ್ಕೆ ತೂಗುಹಾಕಿದ್ದ, ಇನ್ನೂ ಕಚ್ಚಾ ಹೊಲಿಗೆಯಲ್ಲಿದ್ದ ಕೋಟೊಂದನ್ನು ತೆಗೆದು ಅವನ ಮುಂದೆ ಹಿಡಿದಳು.

“ಹಾಕ್ಕೋ. ಯಾರದು ಅಂತ ಮಾತ್ರ ಕೇಳಬೇಡ.”

“ನಾನ್ಯಾಕೆ ಹಾಕ್ಕೊಳ್ಳಲಿ?”

“ಒಂದೇ ಥರ ಅಂದ್ಯಲ್ಲ, ಹಾಕ್ಕೋ.”

ಬಲಗೈ ಸಲೀಸಾಗಿ ಇಳಿಯಿತು. ಎಡದ ತೋಳು ಮೊಣಕೈ ದಾಟುತ್ತಲೇ ಮುಗಿದುಹೋಗಿ, ಅಲ್ಲಿಂದ ಮುಂದಿನ ಕೈಯೆಲ್ಲ ಹೊರಗೇ ಉಳಿಯಿತು. ಅವನು ಎಳೆದ, ಜಗ್ಗಿದ, ಭುಜ ಕುಗ್ಗಿಸಿ ನೋಡಿದ. ಬಟ್ಟೆ ಬೆಳೆಯಲಿಲ್ಲ.

“ಜಗ್ಗಬೇಡವೋ,” ಎಂದರು ಅತ್ತೆ. ಅವರ ದನಿಯಲ್ಲಿ ಈಗ ನಗೆಯಿರಲಿಲ್ಲ. “ಅದು ಯಾರದೋ ಮೈ.”

ಅವನು ನಾಚಿದನೆಂದು ಬಳಗದ ಕೆಲವರು ಹೇಳುತ್ತಾರೆ, ಮುನಿದನೆಂದು ಇನ್ನು ಕೆಲವರು. ಪೆನ್‌ಡ್ರೈವನ್ನು ತಾನೇ ಕಿತ್ತು ಜೇಬಿಗೆ ಹಾಕಿಕೊಂಡನೆಂಬುದರಲ್ಲಿ ಮಾತ್ರ ಎರಡು ಮಾತಿಲ್ಲ. ಆದರೂ ಸೋತವನಂತೆ ಎದ್ದು ಹೋಗಲು ಮನಸ್ಸು ಒಪ್ಪದೆ, ಆ ಕೋಟಿನಲ್ಲೇ ಕುಳಿತು ‘ಮನೆಗೆ ಬಂದವರು’ ಎಂಬುದನ್ನು ಒತ್ತಿದ.

ಬಾಗಿಲು ಏನನ್ನೂ ಕೇಳದೆ ತೆರೆಯಿತು. ಒಳಗೆ, ಅರ್ಧಕ್ಕೆ ನಿಂತಿದ್ದ ಇಸ್ಪೀಟಿನ ಆಟವೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ಅದನ್ನು ಮುಚ್ಚಲು ಹೋದ.

“ಮುಟ್ಟಬೇಡ,” ಎಂದರು ಅತ್ತೆ, ಹುರುಳಿಕಾಯಿಯಿಂದ ತಲೆಯೆತ್ತದೆ. “ಅದು ನಂದು.”