ಪೊರೆ ಬಿಡುವ ಹೊತ್ತು

ಮಗಳ ಗಾಜಿನ ಬಾಟಲಿಯ ಮುಚ್ಚಳ ತೆಗೆದು, ಉದ್ದವ್ವ ಸೂಜಿಯ ತುದಿಯಿಂದ ಒಳಗಿನ ಬಿಳಿ ಬಲೆಯ ಚೀಲವನ್ನು ಹರಿದಳು. ಜಿಗಿಯುವ ಜೇಡ ಅದರಲ್ಲಿ ಮಲಗಿತ್ತು. ಕಾಲುಗಳು ಅರ್ಧ ಹಳೆಯ ಪೊರೆಯೊಳಗೇ ಇದ್ದವು. ಹೊರಬಂದಿದ್ದ ಮೈ ತೀರಾ ಮೆತ್ತಗಿತ್ತು. ಸೂಜಿ ತಾಗಿದಲ್ಲಿ ಒಂದು ಹನಿ ಜಿನುಗಿತು.

ಆಗಲೇ ಗೋಕಾಕದ ಕಾಲೇಜಿನಿಂದ ಬಂದ ಪೂನಮ್ ಬಾಗಿಲಲ್ಲೇ ನಿಂತಳು. ಸಣ್ಣ ಮರಿಯಾಗಿದ್ದಾಗಿನಿಂದ ಆ ಜೇಡವನ್ನು ಸಾಕಿದವಳು ಅವಳು. "ಯವ್ವಾ, ಏನ ಮಾಡಿದಿ?"

"ಭಾಳ ದಿನದಿಂದ ಏನೂ ತಿಂದಿದ್ದಿಲ್ಲ. ಬಲಿಯೊಳಗ ಸಿಕ್ಕೊಂಡು ಸಾಯಾಕತ್ತೈತಿ ಅಂತ ಬಿಡಿಸಾಕ ಹೋದೆ."

"ಸಾಯಾಕತ್ತಿರಲಿಲ್ಲ. ಬೆಳಿಯಾಕ ಪೊರಿ ಬಿಡಾಕತ್ತಿತ್ತು! ಇದೊಂದು ಪೊರಿ ಬಿಟ್ಟಿದ್ರ ತತ್ತಿ ಇಡೂವಷ್ಟು ದೊಡ್ಡದಾಗತಿತ್ತು."

"ಇಷ್ಟ ಹೇಳಿದ್ರ ನಾ ಮುಟ್ಟತಿದ್ನೇನ? ಯಾಕ ತಿನ್ನವಲ್ತು ಅಂತ ಮೊನ್ನೇನೂ ಕೇಳಿದೆ, ನಿನ್ನೇನೂ ಕೇಳಿದೆ."

ಖರೆ, ಕೇಳಿದ್ದಳು. ಮೊಬೈಲಿನಿಂದ ತಲೆ ಎತ್ತದೆ ಪೂನಮ್ "ನಿನಗ ತಿಳಿಯಂಗಿಲ್ಲ, ಬಿಡು" ಎಂದಿದ್ದಳು. ಹೇಳಲು ಒಂದು ನಿಮಿಷವೂ ಬೇಕಿರಲಿಲ್ಲ. ಅಷ್ಟರಲ್ಲಿ ಜೇಡದ ಕಾಲುಗಳ ಅಲುಗಾಟ ನಿಂತಿತು. ಪೂನಮ್ ತಾಯಿಯ ಪಕ್ಕದಲ್ಲಿ ಕುಳಿತು, "ನಾ ಹೇಳಬೇಕಿತ್ತು, ತಪ್ಪಾತು" ಎಂದಳು.

ಉದ್ದವ್ವ ಎದ್ದು ಸೀರೆ ಕೊಡವಿಕೊಂಡಳು. ಮುಖದಲ್ಲಿ ಸಿಟ್ಟು ಇರಲಿಲ್ಲ. "ಇರಲಿ ಬಿಡವಾ," ಎಂದಳು ಮೆಲ್ಲಗೆ. "ಇನ್ನ ಮ್ಯಾಲ ನಿನ್ನ ಸಾಮಾನ ಮುಟ್ಟಂಗಿಲ್ಲ. ಏನೂ ಕೇಳಂಗೂ ಇಲ್ಲ."